ಮದುವೆ ಸಿಡಿ ಇನ್ನೆಷ್ಟು ದಿನ ಕಾಯುತ್ತದೆ?

ಹೋದ ಬೇಸಿಗೆಯಲ್ಲಿ ನಮ್ಮ ಕಾಕು ಒಂದು ಪ್ಲಾಸ್ಟಿಕ್ ಚೀಲ ಹಿಡಿದು ಮನೆಗೆ ಬಂದರು. ಕಲಬುರಗಿಯ ಮೇ ತಿಂಗಳ ಬಿಸಿಲು ಗೊತ್ತಲ್ಲ. ಸೆರಗಿನಿಂದ ಮುಖ ಒರೆಸಿಕೊಂಡರು, ನೀರು ಕುಡಿಯುವ ಮೊದಲೇ ಚೀಲ ನನ್ನ ಕೈಗಿಟ್ಟರು. ಒಳಗೆ ಎರಡು ಸಿಡಿ. 2004ರಲ್ಲಿ ಆದ ಅವರ ಮಗಳ ಮದುವೆಯದು. ಮೇಲೆ ಗಂಡು ಹೆಣ್ಣಿನ ಫೋಟೋ ಇರುವ ಸ್ಟಿಕ್ಕರ್. ಅದರ ಅಂಚು ಬಿಸಿಲಿಗೆ ಸುರುಳಿ ಸುತ್ತಿಕೊಂಡಿತ್ತು.

"ತಮ್ಮಾ, ಇದ್ರಾಗ ನಿಮ್ಮ ಕಾಕಾನ ಧ್ವನಿ ಅದ. ಒಂದ್ಸಲ ಕೇಳಸು" ಅಂದರು.

ಕಾಕಾ ತೀರಿಕೊಂಡಿದ್ದು 2007ರಲ್ಲಿ. ಎಲ್ಲರ ಜೇಬಿಗೂ ಕ್ಯಾಮೆರಾ ಬರುವ ಮೊದಲೇ ಹೋದರು. ಅವರ ಮಾತು ಎಲ್ಲಾದರೂ ಉಳಿದಿದ್ದರೆ ಆ ಎರಡು ಸಿಡಿಯಲ್ಲಿ ಮಾತ್ರ.

ಅವತ್ತು ಕೇಳಿಸಲು ಆಗಲಿಲ್ಲ. ನನ್ನ ಲ್ಯಾಪ್‌ಟಾಪಿನಲ್ಲಿ ಸಿಡಿ ಹಾಕುವ ಜಾಗವೇ ಇಲ್ಲ. ಅಟ್ಟದ ಮೇಲಿದ್ದ ಹಳೆ ಪ್ಲೇಯರ್ ಇಳಿಸಿ, ಧೂಳು ಕೊಡವಿ ಹಚ್ಚಿದೆವು. ದೀಪ ಹತ್ತಿತು, ಟ್ರೇ ಹೊರಗೆ ಬರಲಿಲ್ಲ. ಬಂದಿದ್ದರೂ ಅದರ ಕೆಂಪು, ಬಿಳಿ, ಹಳದಿ ವೈರು ಚುಚ್ಚಲು ಹೊಸ ಟಿವಿಯಲ್ಲಿ ಜಾಗ ಇರಲಿಲ್ಲ. ಶೂಟಿಂಗ್ ಮಾಡಿದವರ ನಂಬರ್ ಹುಡುಕಿ ಫೋನ್ ಮಾಡಿದೆ. ಮೂಲ ಕ್ಯಾಸೆಟ್ಟಿನ ಮೇಲೆ ಆಗಲೇ ಬೇರೆ ಮದುವೆ ರೆಕಾರ್ಡ್ ಆಗಿ ಹೋಗಿದೆ ಎಂದರು.

ಇದು ನಮ್ಮೊಬ್ಬರ ಮನೆಯ ಕತೆ ಅಲ್ಲ. 2000ದ ಆಚೆ ಈಚೆ ಹತ್ತು ಹನ್ನೆರಡು ವರ್ಷ ಕಲಬುರಗಿ, ಬೀದರ, ಯಾದಗಿರಿ ಕಡೆ ಮದುವೆ, ತೊಟ್ಟಿಲು, ಜವಳ, ಗೃಹಪ್ರವೇಶ ಎಲ್ಲವೂ ಸೇರಿದ್ದು ಸಿಡಿಗೇ. ಅಲಮಾರಿಯಲ್ಲಿ ಸೀರೆಗಳ ಕೆಳಗೆ, ತಗಡಿನ ಟ್ರಂಕಿನಲ್ಲಿ ಹೊಲದ ಕಾಗದಗಳ ಜೊತೆ ಅವು ಇಂದಿಗೂ ಕೂತಿವೆ. ಅತ್ತ ಅವನ್ನು ಓದುವ ಯಂತ್ರಗಳು ಒಂದೊಂದಾಗಿ ಅಂಗಡಿಯಿಂದ ಕಾಣೆಯಾಗುತ್ತಿವೆ. 2024ರ ಕೊನೆಗೆ ಎಲ್‌ಜಿ ಕಂಪನಿ, ಡಿವಿಡಿಯ ನಂತರದ ತಲೆಮಾರಾದ ಬ್ಲೂ-ರೇ ಡಿಸ್ಕಿನ ಪ್ಲೇಯರ್ ಮಾಡುವುದನ್ನು ಬಿಟ್ಟಿತು. 2025ರ ಫೆಬ್ರವರಿಯಲ್ಲಿ ಸೋನಿ ಕಂಪನಿ ರೆಕಾರ್ಡ್ ಮಾಡುವ ಬ್ಲೂ-ರೇ ಡಿಸ್ಕ್ ನಿಲ್ಲಿಸಿತು. ಅದರ ಜೊತೆಗೇ ಮಿನಿ ಡಿವಿ ಕ್ಯಾಸೆಟ್ ಕೂಡ ನಿಂತಿತು. ಆ ಕಾಲದ ಎಷ್ಟೋ ಮದುವೆಗಳನ್ನು ಶೂಟ್ ಮಾಡಿದ್ದು ಇಂಥ ಪುಟ್ಟ ಕ್ಯಾಸೆಟ್ಟಿನ ಮೇಲೆಯೇ.

ಹಾಗಾದರೆ ಸಿಡಿ ಎಷ್ಟು ದಿನ ಕಾಯುತ್ತದೆ? ಇದಕ್ಕೆ ಉತ್ತರ ಬೇಕಾದರೆ ವಿಡಿಯೋ ಡಿಸ್ಕ್ ಎಲ್ಲಿಂದ ಬಂತು ಅಂತ ಸ್ವಲ್ಪ ಹಿಂದಕ್ಕೆ ಹೋಗಿ ನೋಡಬೇಕು.

ಚಿತ್ರವನ್ನು ತಟ್ಟೆಯ ಮೇಲೆ ಹಿಡಿಯುವ ಆಸೆ ಟಿವಿಯಷ್ಟೇ ಹಳೆಯದು. ಟಿವಿ ಕಂಡುಹಿಡಿದವರಲ್ಲಿ ಒಬ್ಬರಾದ ಜಾನ್ ಲೋಗಿ ಬೇರ್ಡ್ 1927ರಲ್ಲೇ ಲಂಡನ್ನಿನಲ್ಲಿ ಇದನ್ನು ಮಾಡಿ ನೋಡಿದರು. ಬರೀ 30 ಗೆರೆಗಳ ಚಿತ್ರ. ಅದನ್ನು ಸದ್ದಾಗಿ ಬದಲಿಸಿ ಗ್ರಾಮಫೋನ್ ರಿಕಾರ್ಡಿನ ಮೇಲೆ ಕೊರೆದರು. ಆದರೆ ಕೊರೆದಿದ್ದನ್ನು ಸರಿಯಾಗಿ ತೋರಿಸುವ ಯಂತ್ರ ಅವರ ಬಳಿ ಇರಲಿಲ್ಲ. ಅವರು ಇರುವ ತನಕ ಆ ತಟ್ಟೆಗಳು ಮೂಕವಾಗಿಯೇ ಉಳಿದವು. 1980ರ ದಶಕದಲ್ಲಿ ಕಂಪ್ಯೂಟರ್ ಬಂದ ಮೇಲೆ ಒಬ್ಬ ಎಂಜಿನಿಯರ್ ಆ ಸದ್ದನ್ನು ಕಂಪ್ಯೂಟರಿಗೆ ಹಾಕಿ, ತಪ್ಪು ತಿದ್ದಿ, ಮುಖಗಳನ್ನು ಹೊರಗೆ ತೆಗೆದರು. ಐವತ್ತು ವರ್ಷಕ್ಕೂ ಜಾಸ್ತಿ ಕಾಲ ಯಂತ್ರ ಇರಲಿಲ್ಲ. ಆದರೂ ಕೊರೆದ ಗೆರೆ ತನ್ನ ಪಾಡಿಗೆ ಕಾದಿತ್ತು. ಈ ಮಾತು ನೆನಪಿರಲಿ, ಮುಂದೆ ಇದಕ್ಕೇ ಬರಬೇಕು.

ಮನೆಗೆ ಅಂತ ಅಂಗಡಿಗೆ ಬಂದ ಮೊದಲ ವಿಡಿಯೋ ಡಿಸ್ಕ್ ಜರ್ಮನಿಯದು. ಟೆಲಿಫಂಕನ್ ಮತ್ತು ಟೆಲ್ಡೆಕ್ ಕಂಪನಿಗಳು ಸೇರಿ ಮಾಡಿದ ಟೆಡ್. ಮಾರಾಟ ಶುರುವಾಗಿದ್ದು 1975ರ ಮಾರ್ಚಿನಲ್ಲಿ. ಹಾಳೆಯ ಹಾಗೆ ಬಾಗುವ ತೆಳು ಪ್ಲಾಸ್ಟಿಕ್ ತಟ್ಟೆ. ನಿಮಿಷಕ್ಕೆ 1500 ಸುತ್ತು ತಿರುಗುತ್ತ ಗಾಳಿಯ ಮೇಲೆ ತೇಲುತ್ತಿತ್ತು. ನೋಡಲು ಚಂದ. ಆದರೆ ಒಂದು ತಟ್ಟೆಗೆ ಹತ್ತೇ ನಿಮಿಷ. ಮೂರು ತಾಸಿನ ಸಿನಿಮಾ ನೋಡಲು ಹದಿನೆಂಟು ತಟ್ಟೆ ಬದಲಿಸುವವರು ಯಾರು? ಬೇಗನೆ ಮುಳುಗಿತು.

ಅದೇ 1975ರ ಆಗಸ್ಟ್ 1ರಂದು ನಮ್ಮ ಕಡೆ ಒಂದು ದೊಡ್ಡ ಸಂಗತಿ ಆಯಿತು. ಉಪಗ್ರಹದಿಂದ ಹಳ್ಳಿಗೆ ಟಿವಿ ತೋರಿಸುವ ಸೈಟ್ ಪ್ರಯೋಗ ಶುರುವಾಯಿತು. ದೇಶದ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಟಿವಿ ಬಂತು. ಕರ್ನಾಟಕದಲ್ಲಿ ಆರಿಸಿದ್ದು ಗುಲಬರ್ಗಾ, ರಾಯಚೂರು, ಬಿಜಾಪುರ ಜಿಲ್ಲೆಗಳನ್ನು. ಯಾದಗಿರಿ ಆಗ ಗುಲಬರ್ಗಾ ಜಿಲ್ಲೆಯಲ್ಲೇ ಇತ್ತು. ಅಮೆರಿಕದ ಎಟಿಎಸ್-6 ಉಪಗ್ರಹದಿಂದ ಬರುವ ಚಿತ್ರವನ್ನು ಕೋಳಿ ಗೂಡಿನ ಜಾಲರಿಯಂಥ ತಂತಿಯಿಂದ ಮಾಡಿದ ಛತ್ರಿ ಹಿಡಿಯುತ್ತಿತ್ತು. ಸಂಜೆ ಇಡೀ ಊರು ಒಂದೇ ಟಿವಿ ಮುಂದೆ ಕೂರುತ್ತಿತ್ತು. ಒಂದು ವರ್ಷ ನಡೆದ ಪ್ರಯೋಗ ಅದು. ಆಮೇಲೆ 1977ರಲ್ಲಿ ಗುಲಬರ್ಗಾಕ್ಕೆ ದೂರದರ್ಶನ ಕೇಂದ್ರ ಬಂತು. ಬೆಂಗಳೂರಿಗೆ ಬಂದಿದ್ದು 1981ರಲ್ಲಿ. ಹಿಂದುಳಿದ ಸೀಮೆ ಅಂತ ನಮ್ಮನ್ನು ಕರೆಯುವವರಿಗೆ ಈ ವಿಷಯ ನಾನು ಎಲ್ಲಿ ಸಿಕ್ಕರೂ ಹೇಳುತ್ತೇನೆ. ಆದರೆ ಆ ಟಿವಿಯಲ್ಲಿ ಬಂದದ್ದು ಬಂದು ಹೋಗುತ್ತಿತ್ತು. ಹಿಡಿದಿಡಲು ನಮ್ಮ ಕೈಯಲ್ಲಿ ಏನೂ ಇರಲಿಲ್ಲ.

ಚಿತ್ರವನ್ನು ತಟ್ಟೆಗೆ ಹಿಡಿದು ಮನೆಗಳಿಗೆ ಮಾರುವ ಕೆಲಸಕ್ಕೆ ಅಮೆರಿಕದಲ್ಲಿ ಆಗ ಎರಡು ದೊಡ್ಡ ಪ್ರಯತ್ನ ನಡೆದಿದ್ದವು. ಒಂದು ಲೇಸರ್ ಡಿಸ್ಕ್. ಡೇವಿಡ್ ಪಾಲ್ ಗ್ರೆಗ್ ಎಂಬವರ ಯೋಚನೆ ಅದು. ಅದರ ಪೇಟೆಂಟನ್ನು ಸಿನಿಮಾ ಕಂಪನಿ ಎಂಸಿಎ ಕೊಂಡಿತು, ಫಿಲಿಪ್ಸ್ ಜೊತೆಗೂಡಿತು. 1978ರ ಡಿಸೆಂಬರಿನಲ್ಲಿ ಅಟ್ಲಾಂಟಾ ನಗರದಲ್ಲಿ ಮಾರಾಟಕ್ಕೆ ಬಂತು. ಊಟದ ತಟ್ಟೆಯಷ್ಟು ಅಗಲ, ಅಂದರೆ 30 ಸೆಂ.ಮೀ. ತಟ್ಟೆಗೆ ಸೂಜಿ ತಾಗುವುದೇ ಇಲ್ಲ, ಬೆಳಕು ಮಾತ್ರ ತಾಗುತ್ತದೆ. ಒಂದು ಬಗೆಯ ಡಿಸ್ಕಿನಲ್ಲಿ ಪ್ರತಿ ಸುತ್ತಿಗೆ ಒಂದು ಚಿತ್ರ. ಒಂದು ಮಗ್ಗುಲಿಗೆ 54,000 ಚಿತ್ರ, ಅರ್ಧ ತಾಸಿನ ಸಿನಿಮಾ. ಬೇಕಾದ ಚಿತ್ರದ ಮೇಲೆ ಅಲುಗಾಡದ ಹಾಗೆ ನಿಲ್ಲಿಸಬಹುದಿತ್ತು. ಇನ್ನೊಂದು ಬಗೆಯಲ್ಲಿ ಮಗ್ಗುಲಿಗೆ ಒಂದು ತಾಸು ಹಿಡಿಯುತ್ತಿತ್ತು.

ಇನ್ನೊಂದು ಆರ್‌ಸಿಎ ಕಂಪನಿಯ ಸಿಇಡಿ. ಇದರ ಬಗ್ಗೆ ಓದಿದಾಗಲೆಲ್ಲ ನನಗೆ ಸಂಕಟ ಆಗುತ್ತದೆ. 1964ರಿಂದ ಸಂಶೋಧನೆ ನಡೆಯಿತು, ಅಂಗಡಿಗೆ ಬಂದಿದ್ದು 1981ರ ಮಾರ್ಚಿನಲ್ಲಿ. ಹದಿನೇಳು ವರ್ಷದ ದುಡಿಮೆ. ಗ್ರಾಮಫೋನಿನ ಹಾಗೆ ಸೂಜಿ, ಆದರೆ ವಜ್ರದ್ದು. ಒಂದು ಇಂಚಿನಲ್ಲಿ 9,500ಕ್ಕೂ ಜಾಸ್ತಿ ಗೆರೆ. ಪ್ಲಾಸ್ಟಿಕ್ಕಿನಲ್ಲಿ ಇಂಗಾಲ ಬೆರೆಸಿ ಅದನ್ನು ವಿದ್ಯುತ್ ಹರಿಯುವ ಹಾಗೆ ಮಾಡಿದ್ದರು. ಬೆರಳು ತಾಗಿದರೆ, ಧೂಳು ಬಿದ್ದರೆ ಕೆಟ್ಟಿತು. ಅದಕ್ಕೇ ತಟ್ಟೆಯನ್ನು ಡಬ್ಬಿಯಿಂದ ಹೊರಗೇ ತೆಗೆಯುವಂತಿಲ್ಲ. ಡಬ್ಬಿ ಸಮೇತ ಯಂತ್ರಕ್ಕೆ ತೂರಿಸಿ ಖಾಲಿ ಡಬ್ಬಿ ಈಚೆ ಎಳೆಯಬೇಕು, ತಟ್ಟೆ ಒಳಗೇ ಉಳಿಯುತ್ತಿತ್ತು. 1984ರಲ್ಲಿ ಪ್ಲೇಯರ್ ನಿಲ್ಲಿಸಿದರು. ನಷ್ಟ ಸುಮಾರು 58 ಕೋಟಿ ಡಾಲರ್. ಎರಡು ವರ್ಷದಲ್ಲಿ ಆರ್‌ಸಿಎ ಕಂಪನಿಯೇ ಜನರಲ್ ಎಲೆಕ್ಟ್ರಿಕ್ ಕೈಗೆ ಹೋಯಿತು. ಜಪಾನಿನ ಜೆವಿಸಿ 1983ರಲ್ಲಿ ವಿಎಚ್‌ಡಿ ಎಂಬ ಮೂರನೇ ಬಗೆ ತಂದಿತು. ಅದು ಜಪಾನಿನ ಆಚೆ ಮನೆಗಳಿಗೆ ಹೋಗಲೇ ಇಲ್ಲ.

ಎಲ್ಲ ಸೋತಿದ್ದು ಯಾಕೆ? ಒಂದರ ಡಿಸ್ಕ್ ಇನ್ನೊಂದರಲ್ಲಿ ಓಡುವುದಿಲ್ಲ, ಅದೊಂದು ತೊಂದರೆ. ಆದರೆ ಮುಖ್ಯ ಕಾರಣ ಬೇರೆ. ಈ ಡಿಸ್ಕುಗಳಲ್ಲಿ ಕಂಪನಿ ಕೊಟ್ಟದ್ದನ್ನು ನೋಡಬಹುದು, ನಮ್ಮದನ್ನು ತುಂಬಲು ಆಗದು. ಅದೇ ಹೊತ್ತಿಗೆ 1975ರಲ್ಲಿ ಬೀಟಾಮ್ಯಾಕ್ಸ್, 1976ರಲ್ಲಿ ವಿಎಚ್‌ಎಸ್ ಕ್ಯಾಸೆಟ್ ಬಂದಿದ್ದವು. ಅವುಗಳ ಚಿತ್ರ ಲೇಸರ್ ಡಿಸ್ಕಿಗಿಂತ ಮಸುಕು. ಆದರೂ ಟಿವಿಯಲ್ಲಿ ಬಂದದ್ದನ್ನು ಹಿಡಿಯಬಹುದಿತ್ತು, ಮಗುವಿನ ಮೊದಲ ಹೆಜ್ಜೆ ಹಿಡಿಯಬಹುದಿತ್ತು. ಜನ ಚಂದದ ಚಿತ್ರ ಬಿಟ್ಟು ತಮ್ಮ ಚಿತ್ರ ಆರಿಸಿಕೊಂಡರು. ನಾವಾದರೂ ಅದನ್ನೇ ಮಾಡುತ್ತಿದ್ದೆವು ಅಲ್ವಾ?

ನಮ್ಮ ಕಡೆಯ ಸಾಮಾನ್ಯ ಮನೆಗಳಿಗೆ ಲೇಸರ್ ಡಿಸ್ಕ್ ಬರಲಿಲ್ಲ. ಕ್ಯಾಸೆಟ್ಟೂ ಸ್ವಂತಕ್ಕಿಂತ ಬಾಡಿಗೆಗೇ ಜಾಸ್ತಿ. ವಿಸಿಆರ್, ಟಿವಿ ಎರಡನ್ನೂ ಒಂದು ರಾತ್ರಿಗೆ ತರುವುದು, ಅಂಗಳದಲ್ಲಿ ಚಾಪೆ ಹಾಸಿ ಬೆಳಗಿನ ತನಕ ಮೂರು ಸಿನಿಮಾ ನೋಡುವುದು. ಆದರೆ ಲೇಸರ್ ಡಿಸ್ಕಿನ ಸಂತಾನ ನಮ್ಮ ಮನೆಗೆ ಬಂತು. ಬೆಳಕಿನಿಂದ ಓದುವ ಅದೇ ವಿದ್ಯೆಯನ್ನು ಚಿಕ್ಕದು ಮಾಡಿ ಫಿಲಿಪ್ಸ್ ಮತ್ತು ಸೋನಿ 1982ರಲ್ಲಿ ಹಾಡಿನ ಸಿಡಿ ಮಾಡಿದ್ದವು. 1993ರಲ್ಲಿ ಆ ಸಿಡಿಯಲ್ಲೇ ಚಿತ್ರ ತುಂಬುವ ನಿಯಮ ಬಂತು. ಅದೇ ವಿಸಿಡಿ. 12 ಸೆಂ.ಮೀ. ತಟ್ಟೆಗೆ 74 ನಿಮಿಷದ ಚಿತ್ರ ಹೇಗೆ ಹಿಡಿಯಿತು? ಪ್ರತಿ ಚಿತ್ರವನ್ನೂ ಪೂರ್ತಿ ಬರೆಯದೆ, ಹಿಂದಿನ ಚಿತ್ರಕ್ಕಿಂತ ಏನು ಬದಲಾಯಿತೋ ಹೆಚ್ಚಾಗಿ ಅಷ್ಟನ್ನೇ ಬರೆಯುವ ಲೆಕ್ಕ ಅದು. ಕುಣಿತ, ಹೊಡೆದಾಟ ಬಂದಾಗ ಪರದೆ ಚೌಕ ಚೌಕ ಆಗುತ್ತಿತ್ತಲ್ಲ, ಅದು ಇದಕ್ಕೇ. ಬದಲಾವಣೆ ಜಾಸ್ತಿ, ಬರೆಯಲು ಜಾಗ ಕಡಿಮೆ.

ಚೀನಾದ ಆನ್‌ಹುಯಿ ಪ್ರಾಂತ್ಯದ ವಾನ್‌ಯಾನ್ ಎಂಬ ಕಂಪನಿ 1993ರಲ್ಲಿ ವಿಸಿಡಿ ಪ್ಲೇಯರ್ ಮಾಡಿತು. ಬೇರೆ ಕಂಪನಿಗಳು ನೋಡಿ ಕಲಿತವು, ಬೆಲೆ ಇಳಿಯುತ್ತ ಹೋಯಿತು, ಮೊದಲು ಮಾಡಿದವರೇ ಹಿಂದೆ ಬಿದ್ದರು. ಆ ಅಗ್ಗದ ಪ್ಲೇಯರ್‌ಗಳ ಹೊಳೆ ನಮ್ಮ ತನಕ ಹರಿಯಿತು. 2007ರ ಹೊತ್ತಿಗೆ ಮೋಸರ್ ಬೇರ್ ಕಂಪನಿ ಸಿನಿಮಾ ವಿಸಿಡಿಯನ್ನು 28 ರೂಪಾಯಿಗೆ, ಡಿವಿಡಿಯನ್ನು 34 ರೂಪಾಯಿಗೆ ಮಾರಿತು. ಅದೇ ಕಂಪನಿ ದೇಶದಲ್ಲಿ ಖಾಲಿ ಸಿಡಿ ಮಾಡುವುದರಲ್ಲೂ ಮುಂದಿತ್ತು. 2018ರಲ್ಲಿ ಅದರ ಆಸ್ತಿ ಮಾರಿ ಮುಚ್ಚಲು ಆದೇಶ ಆಯಿತು.

ಖಾಲಿ ಸಿಡಿ ಅಂದೆ. ನಮ್ಮ ಪಾಲಿಗೆ ದೊಡ್ಡ ಬದಲಾವಣೆ ತಂದಿದ್ದು ಅದೇ. ಡಿಸ್ಕಿನಲ್ಲಿ ನಮ್ಮದನ್ನು ತುಂಬಲು ಆಗದು ಎಂಬ ಹಳೆ ಕೊರತೆ ಆ ಖಾಲಿ ಸಿಡಿಯಿಂದ ನೀಗಿತು. ಕಂಪ್ಯೂಟರ್ ಇದ್ದ ಸ್ಟುಡಿಯೋದವರು, ಡಿಟಿಪಿ ಅಂಗಡಿಯವರು ಸಿಡಿ ರೈಟ್ ಮಾಡಿಕೊಡತೊಡಗಿದರು. ಮದುವೆ ಅಷ್ಟೇ ಅಲ್ಲ. ಶರಣಬಸವೇಶ್ವರ ಜಾತ್ರೆಯಲ್ಲಿ, ಬಂದೇ ನವಾಜ್ ಉರುಸಿನಲ್ಲಿ ಸಿಡಿ ಗಾಡಿಗಳು ನಿಲ್ಲುತ್ತಿದ್ದವು. ತತ್ವಪದ, ಭಜನೆ, ಮೊಹರಂ ಪದ, ಕವ್ವಾಲಿ, ಹಳ್ಳಿ ನಾಟಕ. ದೊಡ್ಡ ಕಂಪನಿಗಳು ಎಂದೂ ಮುಟ್ಟದ ನಮ್ಮ ಮಾತು, ನಮ್ಮ ಹಾಡು. ಅವುಗಳಲ್ಲಿ ಎಷ್ಟೋ ಅಂಗಡಿಯಲ್ಲೇ ರೈಟ್ ಮಾಡಿದವು.

ಇಲ್ಲಿದೆ ನಾನು ಹೇಳಲೇಬೇಕಾದ ಸಂಗತಿ. ನೋಡಲು ಎರಡೂ ಸಿಡಿ ಒಂದೇ ಥರ. ಆದರೆ ಒಳಗೆ ಬೇರೆ ಬೇರೆ ವಸ್ತು. ಕಂಪನಿಯ ಸಿನಿಮಾ ಸಿಡಿಯನ್ನು ಅಚ್ಚಿನಲ್ಲಿ ಒತ್ತಿರುತ್ತಾರೆ. ಪ್ಲಾಸ್ಟಿಕ್ಕಿನಲ್ಲಿ ನಿಜವಾದ ಗುಂಡಿಗಳೇ ಬಿದ್ದಿರುತ್ತವೆ. ಅಂಗಡಿಯಲ್ಲಿ ರೈಟ್ ಮಾಡಿದ ಸಿಡಿಯಲ್ಲಿ ಗುಂಡಿ ಇಲ್ಲ. ಅದರಲ್ಲಿ ಬಣ್ಣದ ಒಂದು ತೆಳು ಪದರ ಇರುತ್ತದೆ. ಲೇಸರ್ ಅದನ್ನು ಅಲ್ಲಲ್ಲಿ ಕಾಯಿಸಿ ಗುರುತು ಮಾಡುತ್ತದೆ, ಅಷ್ಟೇ. ಕಾಕಾನ ಧ್ವನಿ ಇರುವುದು ಬಣ್ಣದಲ್ಲಿ. ಬಣ್ಣಕ್ಕೆ ಬಿಸಿಲು ಆಗದು, ಶಾಖ ಆಗದು, ತೇವ ಆಗದು. ಮೇ ತಿಂಗಳಲ್ಲಿ 42 ಡಿಗ್ರಿ ದಾಟುವ ನಮ್ಮ ಊರಲ್ಲಿ, ಕಾದ ಮಾಳಿಗೆಯ ಕೆಳಗೆ ತಗಡಿನ ಟ್ರಂಕಿನೊಳಗೆ ಅದು ಇಪ್ಪತ್ತು ಬೇಸಿಗೆ ಕಳೆದಿದೆ. ಪ್ರತಿ ಬೇಸಿಗೆಯ ಹಿಂದೆ ಒಂದು ಮಳೆಗಾಲ.

ಬೇರ್ಡ್ ಅವರ ತಟ್ಟೆ ಐವತ್ತು ವರ್ಷ ಕಾಯಿತು, ಯಾಕೆಂದರೆ ಅದರಲ್ಲಿ ಕೊರೆದ ಗೆರೆ ಇತ್ತು. ಅಚ್ಚೊತ್ತಿದ ಡಿಸ್ಕ್ ಯಂತ್ರಕ್ಕಾಗಿ ಕಾಯಬಲ್ಲದು. ಅದಕ್ಕೂ ರೋಗ ಬರುತ್ತದೆ ನಿಜ. ಹಳೆ ಲೇಸರ್ ಡಿಸ್ಕುಗಳಲ್ಲಿ ಅಂಟು ಸರಿಯಿಲ್ಲದೆ ಒಳಗಿನ ಅಲ್ಯೂಮಿನಿಯಂಗೆ ಗಾಳಿ ತಾಗಿ ಚಿತ್ರದ ತುಂಬ ಚುಕ್ಕೆ ಬೀಳುತ್ತಿತ್ತು. ಆದರೂ ಅದು ನಿಧಾನದ ರೋಗ. ರೈಟ್ ಮಾಡಿದ ಸಿಡಿಯಲ್ಲಿ ಬಣ್ಣ ಮಾಸಿತೋ, ಮುಂದೆ ಎಂಥ ಯಂತ್ರ ಬಂದರೂ ಓದಲು ಅಲ್ಲಿ ಏನೂ ಉಳಿದಿರುವುದಿಲ್ಲ. ಲೆಕ್ಕ ತಲೆಕೆಳಗಾಗಿದೆ ನೋಡಿ. ಸಾವಿರಾರು ಪ್ರತಿ ಇರುವ ಸಿನಿಮಾ ಗಟ್ಟಿ ಡಿಸ್ಕಿನಲ್ಲಿ. ಜಗತ್ತಿನಲ್ಲಿ ಒಂದೇ ಒಂದು ಪ್ರತಿ ಇರುವ ನಮ್ಮ ಮನೆಯವರು ಮೆತ್ತನೆ ಡಿಸ್ಕಿನಲ್ಲಿ.

ಡಿಸ್ಕ್ ಚೆನ್ನಾಗಿದ್ದೂ ಯಂತ್ರ ಇಲ್ಲದಿದ್ದರೆ ಏನಾಗುತ್ತದೆ? ಇದಕ್ಕೆ ಬ್ರಿಟನ್ನಿನ ಒಂದು ಉದಾಹರಣೆ ಸಾಕು. ಅಲ್ಲಿ 1086ರಲ್ಲಿ ಇಂಗ್ಲೆಂಡಿನ ಬಹುಭಾಗದ ಭೂಮಿಯ ಲೆಕ್ಕ ಬರೆದ ಡೂಮ್ಸ್‌ಡೇ ಪುಸ್ತಕ ಇದೆ. ಅದರ 900ನೇ ವರ್ಷಕ್ಕೆ, 1986ರಲ್ಲಿ, ಬಿಬಿಸಿ ಹೊಸ ಲೆಕ್ಕ ಮಾಡಿಸಿತು. ಶಾಲೆ ಮಕ್ಕಳೂ ಸೇರಿ ಹತ್ತು ಲಕ್ಷ ಜನ ತಮ್ಮ ಊರಿನ ಬಗ್ಗೆ ಬರೆದರು, ಫೋಟೋ ಕೊಟ್ಟರು. ಎಲ್ಲವನ್ನೂ ಲೇಸರ್ ಡಿಸ್ಕಿಗೆ ತುಂಬಿದರು. ಹದಿನಾರು ವರ್ಷಕ್ಕೆ, 2002ರ ಹೊತ್ತಿಗೆ, ಅದನ್ನು ಓದುವ ಯಂತ್ರಗಳು ಬೆರಳೆಣಿಕೆಗೆ ಇಳಿದವು. ವಿಶ್ವವಿದ್ಯಾಲಯದವರು ವರ್ಷಗಟ್ಟಲೆ ಕೂತು ಅದನ್ನು ಬಿಡಿಸಬೇಕಾಯಿತು. ಒಂಬೈನೂರು ವರ್ಷದ ಚರ್ಮದ ಪುಸ್ತಕವನ್ನು ಮಾತ್ರ ಇಂದಿಗೂ ತೆರೆದು ಓದಬಹುದು. ಅಲ್ಲಿ ಬಿಬಿಸಿ ಇತ್ತು, ವಿಶ್ವವಿದ್ಯಾಲಯಗಳಿದ್ದವು. ಆಳಂದದ ಒಂದು ಮನೆಯ ಜವಳದ ಸಿಡಿಗೆ ಯಾರಿದ್ದಾರೆ?

ಅದಕ್ಕೇ ಕೆಲಸ ಮನೆಯಲ್ಲೇ ಶುರುವಾಗಬೇಕು. ಯುಎಸ್‌ಬಿ ವೈರಿನಿಂದ ಚುಚ್ಚುವ ಡಿವಿಡಿ ಡ್ರೈವ್ ಇನ್ನೂ ಸಿಗುತ್ತದೆ, ಒಂದೆರಡು ಸಾವಿರ ರೂಪಾಯಿ ಒಳಗೆ. ಓಣಿಗೆ ಒಂದಿದ್ದರೆ ಸಾಕು. ಮೊದಲು ಸಿಡಿ ತಿರುಗಿಸಿ ಕೆಳಮೈ ನೋಡಿ. ಹಸಿರು ಇಲ್ಲವೆ ನೀಲಿ ಛಾಯೆ ಕಂಡರೆ ಅದು ರೈಟ್ ಮಾಡಿದ್ದು, ಅದನ್ನೇ ಮೊದಲು ಕಾಪಿ ಮಾಡಿ. ಬರೀ ಬೆಳ್ಳಿ ಬಣ್ಣ ಇದ್ದರೆ ಸಾಮಾನ್ಯವಾಗಿ ಅಚ್ಚೊತ್ತಿದ್ದು, ಅದು ಸ್ವಲ್ಪ ಕಾಯುತ್ತದೆ. ಒರೆಸುವಾಗ ಮೆತ್ತನೆ ಬಟ್ಟೆಯಿಂದ ನಡುವಿನಿಂದ ಅಂಚಿಗೆ ನೇರವಾಗಿ ಒರೆಸಿ, ಗುಂಡಗೆ ಉಜ್ಜಬೇಡಿ. ಸ್ಟಿಕ್ಕರ್ ಕೀಳಲು ಹೋಗಲೇಬೇಡಿ. ಸಿಡಿಯಲ್ಲಿ ಬಣ್ಣದ ಪದರ ಇರುವುದು ಮೇಲ್ಮೈಗೆ ಹತ್ತಿರ. ಸ್ಟಿಕ್ಕರ್ ಎಳೆದರೆ ಅದೂ ಕಿತ್ತು ಬರುತ್ತದೆ. ಕೆಳಗಿನ ಗೀರಿಗಿಂತ ಮೇಲಿನ ಗೀರೇ ಸಿಡಿಯನ್ನು ಕೊಲ್ಲುವುದು, ಇದು ತುಂಬಾ ಜನಕ್ಕೆ ಗೊತ್ತಿಲ್ಲ.

ಡ್ರೈವಿಗೆ ಹಾಕಿದ ಮೇಲೆ ಎಂಪಿಇಜಿಎವಿ (MPEGAV) ಎಂಬ ಫೋಲ್ಡರ್ ಕಾಣುತ್ತದೆ. ಅದರಲ್ಲಿ ಡ್ಯಾಟ್ (.DAT) ಎಂದು ಕೊನೆಯಾಗುವ ದೊಡ್ಡ ಫೈಲೇ ನಿಮ್ಮ ಮದುವೆ. ಅದನ್ನು ಇದ್ದ ಹಾಗೇ ಕಾಪಿ ಮಾಡಿ, ವಿಎಲ್‌ಸಿ ಪ್ಲೇಯರ್ ಎಂಬ ಸಾಫ್ಟ್‌ವೇರಿನಲ್ಲಿ ಓಡುತ್ತದೆ. ನಡುವೆ ನಿಂತುಹೋದರೆ ಸಿಡಿ ಸತ್ತಿದೆ ಅಂದುಕೊಳ್ಳಬೇಡಿ. ಕಂಪ್ಯೂಟರ್ ಫೈಲು ತುಂಬುವ ಸಿಡಿಯಲ್ಲಿ ತಪ್ಪು ತಿದ್ದಲು ಇಡುವ ಒಂದಿಷ್ಟು ಜಾಗವನ್ನು ವಿಸಿಡಿಯಲ್ಲಿ ಚಿತ್ರಕ್ಕೇ ಕೊಟ್ಟಿದ್ದಾರೆ. ಅದಕ್ಕೇ ಅದು ಚಿಕ್ಕ ಗೀರಿಗೂ ಎಡವುತ್ತದೆ. ಇನ್ನೊಂದು ಡ್ರೈವಿನಲ್ಲಿ ಹಾಕಿ, ಕಡಿಮೆ ವೇಗದಲ್ಲಿ ಓದಿಸಿ ನೋಡಿ. ಒಂದು ಡ್ರೈವಿಗೆ ಬಾರದ್ದು ಇನ್ನೊಂದಕ್ಕೆ ಬರುವುದುಂಟು. ಬಂದ ಫೈಲನ್ನು ವಾಟ್ಸಾಪಿನಲ್ಲಿ ಕಳಿಸಿ ಮುಗಿಯಿತು ಅನ್ನಬೇಡಿ, ಅಲ್ಲಿ ಅದು ಇನ್ನೂ ಕುಗ್ಗುತ್ತದೆ. ಹಾರ್ಡ್ ಡಿಸ್ಕಿನಲ್ಲಿ ಒಂದು, ಬೇರೆ ಊರಲ್ಲಿರುವ ಮಗಳ ಮನೆಯಲ್ಲಿ ಒಂದು ಇರಲಿ.

ಜಾತ್ರೆಯ ತತ್ವಪದ, ನಾಟಕದ ಸಿಡಿಗಳಿಗೆ ಮಾತ್ರ ಮನೆಯ ಕೆಲಸ ಸಾಲದು. ಗುಲಬರ್ಗಾ ವಿಶ್ವವಿದ್ಯಾಲಯದಲ್ಲಿ ಕನ್ನಡ ಅಧ್ಯಯನ ಸಂಸ್ಥೆ ಇದೆ, ಕಡಗಂಚಿಯಲ್ಲಿ ಕೇಂದ್ರೀಯ ವಿಶ್ವವಿದ್ಯಾಲಯ ಇದೆ, ಊರೂರಿಗೆ ಗ್ರಂಥಾಲಯ ಇದೆ. ಜಾತ್ರೆಯ ವಾರ ನಾಲ್ಕು ಡ್ರೈವ್, ಎರಡು ಕಂಪ್ಯೂಟರ್ ಇಟ್ಟು "ನಿಮ್ಮ ಸಿಡಿ ತನ್ನಿ, ಕಾಪಿ ಮಾಡಿಕೊಡುತ್ತೇವೆ, ಹಾಡಿನದಾದರೆ ನಮಗೂ ಒಂದು ಪ್ರತಿ ಕೊಡಿ" ಅಂತ ಬೋರ್ಡ್ ಹಾಕಿದರೆ ಜನ ಸಾಲು ನಿಲ್ಲುತ್ತಾರೆ. ನನಗೆ ಅದರಲ್ಲಿ ಅನುಮಾನವೇ ಇಲ್ಲ.

ಕಾಕುವಿನ ಸಿಡಿ ಕೊನೆಗೆ ಓಡಿದ್ದು ಸೂಪರ್ ಮಾರ್ಕೆಟ್ ಹತ್ತಿರದ ಒಂದು ಡಿಟಿಪಿ ಅಂಗಡಿಯ ಹಳೆ ಕಂಪ್ಯೂಟರಿನಲ್ಲಿ. ಆ ಕಾಲದ ಮದುವೆ ವಿಡಿಯೋ ಹೇಗಿರುತ್ತಿತ್ತು ಗೊತ್ತಲ್ಲ, ಉದ್ದಕ್ಕೂ ಸಿನಿಮಾ ಹಾಡು ಮಿಕ್ಸ್ ಮಾಡಿರುತ್ತಾರೆ. ಸುರಗಿ ಶಾಸ್ತ್ರದಲ್ಲಿ ಕಾಕಾ ಬಾಯಿ ಆಡಿಸುವುದು ಕಾಣುತ್ತದೆ, ಕೇಳುವುದು ಹಾಡು. ಅಕ್ಕಿಕಾಳು ಬೀಳುವಾಗಲೂ ಹಾಡು. ಮೊದಲ ಸಿಡಿ ಮುಗಿಯಲು ಬಂದಾಗ ಒಂದು ಹಾಡು ನಿಂತು ಇನ್ನೊಂದು ಶುರುವಾಗುವ ನಡುವೆ ನಾಲ್ಕು ಸೆಕೆಂಡ್ ಸಿಕ್ಕಿತು. ಊಟದ ಪಂಕ್ತಿ. ಹೆಗಲ ಮೇಲೆ ಟವೆಲ್ ಹಾಕಿಕೊಂಡ ಕಾಕಾ ಯಾರಿಗೋ ಕೂಗುತ್ತಿದ್ದರು: "ಏ, ಇನ್ನೊಂದ್ ಪಂಕ್ತಿ ಕೂಡ್ಸ್ರಿ, ಹುಗ್ಗಿ ಆರ್ತದ."

ಕಾಕು ಕುರ್ಚಿಯ ತುದಿಗೆ ಸರಿದರು. ಮತ್ತೊಮ್ಮೆ ಹಾಕು ಅಂದರು. ಅಂಗಡಿಯ ಹುಡುಗ ಬೇಸರ ಮಾಡದೆ ಏಳೆಂಟು ಸಲ ಹಾಕಿದ.

ಎರಡನೇ ಸಿಡಿ ಪೂರ್ತಿ ಬರಲಿಲ್ಲ. ಸಿಡಿಯನ್ನು ಬರೆಯುವುದು ನಡುವಿನಿಂದ ಅಂಚಿನ ಕಡೆಗೆ. ಕೈ ತಾಗುವುದು, ತೇವ ಹೊಗುವುದು ಅಂಚಿನಿಂದ. ಹಾಗಾಗಿ ಮೊದಲು ಹೋಗುವುದು ಕೊನೆಯ ನಿಮಿಷಗಳು. ಮೂರು ಡ್ರೈವ್ ಬದಲಿಸಿದರೂ ಕೊನೆಯ ಹನ್ನೊಂದು ನಿಮಿಷ ಬರಲಿಲ್ಲ. ಹೆಣ್ಣು ಕಳಿಸುವ ಹೊತ್ತು ಇದ್ದದ್ದು ಅದರಲ್ಲೇ. ಕಾಕಾ ಅತ್ತಿದ್ದನ್ನು ಕಾಕು ನೋಡಿದ್ದು ಅದೊಂದೇ ಸಲವಂತೆ. ಅವರು ಆ ಸಿಡಿಯನ್ನು ಸೆರಗಿನಿಂದ ಒರೆಸಿ, ಮತ್ತೆ ಅದೇ ಚೀಲಕ್ಕೆ ಹಾಕಿಕೊಂಡರು.